ಗಾಜಿನ ಪೆಟ್ಟಿಗೆಯ ಸಲಾಕೆ

ಒಂದು ಊರಿನಲ್ಲಿ ಒಂದು ವಿಶ್ವವಿದ್ಯಾಲಯ ಇತ್ತು. ಅದರೊಳಗೆ ಒಂದು ಮ್ಯೂಸಿಯಂ ಇತ್ತು. ಮ್ಯೂಸಿಯಮ್ಮಿನ ನಡುಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೊಳಕ್ಕಿಂತ ಸ್ವಲ್ಪ ಉದ್ದದ ಕಬ್ಬಿಣದ ಸಲಾಕೆ. ಅದರ ಕೆಳಗೆ ಚೀಟಿ ಅಂಟಿಸಿದ್ದರು: "ಗೋಣೆತ್ತಿನವರು ಎಂಬ ಹುಟ್ಟುಗಳ್ಳ ಜನಾಂಗವು ಮನೆಗಳಿಗೆ ಕನ್ನ ಕೊರೆಯಲು ಬಳಸುತ್ತಿದ್ದ ಆಯುಧ."

ಹುಟ್ಟುಗಳ್ಳ. ಆ ಪದ ಓದಿ ಹಾಗೇ ಮುಂದಕ್ಕೆ ಹೋಗಬೇಡಿ ಮಕ್ಕಳೇ, ಸ್ವಲ್ಪ ನಿಲ್ಲಿ. ತೊಟ್ಟಿಲಲ್ಲಿ ಮಲಗಿ ಕಾಲು ಆಡಿಸುವ ಕೂಸಿಗೆ ಓದಿದ ದೊಡ್ಡವರು ಇಟ್ಟ ಹೆಸರು ಅದು.

ಗೋಣೆತ್ತಿನವರ ಹಟ್ಟಿ ಅದೇ ಊರಿನ ಹೊರಗೆ, ರೈಲು ಹಳಿಯ ಆಚೆ ಇತ್ತು. ರೈಲು ಬರುವುದಕ್ಕೆ ಮುಂಚೆ ಇವರ ಮುತ್ತಜ್ಜಂದಿರು ಎತ್ತಿನ ಬೆನ್ನಿಗೆ ಗೋಣಿಚೀಲ ಹೇರಿ, ಸಮುದ್ರದ ಕಡೆಯ ಉಪ್ಪನ್ನು ಬಯಲುಸೀಮೆಗೆ, ಬಯಲುಸೀಮೆಯ ಜೋಳವನ್ನು ಸಮುದ್ರದ ಕಡೆಗೆ ಸಾಗಿಸುತ್ತಿದ್ದರು. ರೈಲು ಬಂತು. ಉಪ್ಪು ರೈಲು ಹತ್ತಿತು. ಇವರು ಎತ್ತು ಮಾರಿ ಕೆಲಸ ಹುಡುಕುತ್ತ ಊರೂರು ಅಲೆದರು. ಅಲೆಯುವವರನ್ನು ಕಂಡರೆ ಅಂದಿನ ಸರ್ಕಾರಕ್ಕೆ ಆಗುತ್ತಿರಲಿಲ್ಲ. ಕಳ್ಳರು ಎಂದು ಬರೆದುಕೊಂಡಿತು. ಬರೆದವರು ಸತ್ತರು, ಆ ಸರ್ಕಾರವೂ ಹೋಯಿತು, ಬರೆದದ್ದು ಮಾತ್ರ ಉಳಿಯಿತು. ಊರಲ್ಲಿ ಯಾರ ಮನೆಯ ಕೋಳಿ ಕಾಣೆಯಾದರೂ ಪೊಲೀಸ್ ಜೀಪು ಮೊದಲು ಹಳಿ ದಾಟುತ್ತಿತ್ತು.

ಆ ಹಟ್ಟಿಯ ಮಗಳು ಹುಲಿಗೆಮ್ಮ. ಅವಳ ತಾಯಿ ದುರುಗವ್ವ ಹಳೆ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಮಾಡಿ ಮಗಳನ್ನು ಓದಿಸಿದ್ದಳು. ಹುಲಿಗೆಮ್ಮ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅದೇ ವಿಶ್ವವಿದ್ಯಾಲಯದಲ್ಲಿ ಲೋಹಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು.

ಅಲ್ಲಿಯೇ ವಿಶ್ವಂಭರ ಎಂಬ ಪ್ರೊಫೆಸರ್ ಇದ್ದರು. ಮನುಷ್ಯರ ನಡತೆಯಲ್ಲಿ ರಕ್ತದಿಂದ ಬಂದದ್ದೆಷ್ಟು, ಬದುಕಿನಿಂದ ಬಂದದ್ದೆಷ್ಟು ಎಂದು ನೋಡುವುದು ಅವರ ಶಾಸ್ತ್ರ. ಶಾಸ್ತ್ರ ಒಳ್ಳೆಯದೇ. ಅದನ್ನು ಬೈಯಬೇಡಿ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಲೆಕ್ಕ ಮಾಡುವವನನ್ನು ಬೈಯಿರಿ.

ವಿಶ್ವಂಭರರು ಹಿಂದೊಮ್ಮೆ ಹಟ್ಟಿಗೆ ಬಂದು ಉಚಿತ ಆರೋಗ್ಯ ಶಿಬಿರ ಎಂದು ಬ್ಯಾನರ್ ಕಟ್ಟಿದ್ದರು. ಮಕ್ಕಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ತೋಳು ಚಾಚಿಸಿ ರಕ್ತ ತೆಗೆದುಕೊಂಡರು. ಯಾತಕ್ಕೆ ಎಂದು ತಾಯಂದಿರಿಗೆ ಹೇಳಲಿಲ್ಲ. ಆಮೇಲೆ ಒಂದು ದೊಡ್ಡ ಲೇಖನ ಬರೆದರು. ಗೋಣೆತ್ತಿನವರ ಕಳ್ಳತನ ರಕ್ತದಲ್ಲೇ ಹರಿದು ಬರುತ್ತದೆ, ಅಜ್ಜನಿಂದ ಮೊಮ್ಮಗನಿಗೆ ಇಳಿಯುತ್ತದೆ ಎಂದರು. ಜೊತೆಗೆ ಗಾಜಿನ ಪೆಟ್ಟಿಗೆಯ ಸಲಾಕೆಯ ಫೋಟೋ ಹಾಕಿದರು. ಇಗೋ ನೋಡಿ, ಮುತ್ತಾತನ ಕಾಲದಿಂದಲೂ ಇವರ ಕಸುಬು ಇದೇ ಎಂದರು.

ಲೇಖನ ಸಮುದ್ರ ದಾಟಿತು. ದೂರದ ದೇಶದ ಒಂದು ಸಂಶೋಧನಾ ಸಂಸ್ಥೆಗೆ ಅದು ಬಹಳ ಹಿಡಿಸಿತು. ಎರಡು ದೇಶಗಳ ಸ್ನೇಹದ ಹೆಸರಿನಲ್ಲಿ ಒಂದು ಒಪ್ಪಂದ ತಯಾರಾಯಿತು. ಒಪ್ಪಂದ ಏನು ಗೊತ್ತೇ? ಇನ್ನು ಮುಂದೆ ಹಟ್ಟಿಯಲ್ಲಿ ಹುಟ್ಟುವ ಪ್ರತಿ ಕೂಸಿನ ರಕ್ತ ತೆಗೆದು ಹೆಸರು ಬರೆದುಕೊಳ್ಳುವುದು. ಶಾಲೆಗೆ ಹೋದ ಮೇಲೆ ಮಾಸ್ತರರು ಅದರ ನಡತೆ ಗಮನಿಸಿ ವರದಿ ಕಳಿಸುವುದು. ಮುನ್ನೆಚ್ಚರಿಕೆಗಾಗಿ ಒಂದು ಪ್ರತಿ ಪೊಲೀಸರಿಗೆ. ಅಂದರೆ ಆ ಮಕ್ಕಳು ಅಕ್ಷರ ಕಲಿಯುವ ಮುಂಚೆ ಠಾಣೆಯಲ್ಲಿ ಅವರ ಹೆಸರು ಇರುತ್ತದೆ. ಸಹಿ ಬಿದ್ದರೆ ಮುಗಿಯಿತು.

ಸಲಾಕೆಯೂ ವಿದೇಶದ ಪ್ರದರ್ಶನಕ್ಕೆ ಹೋಗುವುದೆಂದಾಯಿತು. ಅಲ್ಲಿಯವರು ಒಂದು ಮಾತು ಕೇಳಿದರು: ಇದು ನಿಜಕ್ಕೂ ಹಳೆಯದೇ, ನಕಲಿಯಲ್ಲವಷ್ಟೆ? ಪರೀಕ್ಷೆ ಮಾಡಿ ತಿಳಿಸಿ. ಪರೀಕ್ಷೆ ಭೌತಶಾಸ್ತ್ರ ವಿಭಾಗಕ್ಕೆ ಬಂತು. ವಿಭಾಗದಲ್ಲಿ ಕಬ್ಬಿಣದ ಕೆಲಸ ಮಾಡುವವಳು ಹುಲಿಗೆಮ್ಮ. ಅವಳ ಗೈಡ್ ರುದ್ರಮುನಿ ಸರ್ ಸಲಾಕೆಯನ್ನು ಅವಳಿಗೇ ಒಪ್ಪಿಸಿದರು. ಅವಳು ಯಾವ ಹಟ್ಟಿಯವಳು ಎಂದು ಅವರು ಯೋಚಿಸಲೇ ಇಲ್ಲ. ಅವರು ಕೆಟ್ಟವರಲ್ಲ. ಯೋಚಿಸುವ ಅಭ್ಯಾಸವಿರಲಿಲ್ಲ, ಅಷ್ಟೇ.

ಹುಲಿಗೆಮ್ಮ ಕೈಗವಸು ಹಾಕಿಕೊಂಡು ಸಲಾಕೆಯನ್ನು ಎತ್ತಿದಳು. ಎತ್ತಿದ ಕೂಡಲೇ ಅವಳ ಕೈ ಮೇಲಕ್ಕೆ ಹಾರಿತು. ಅದು ಅಷ್ಟು ಹಗುರವಾಗಿತ್ತು.

ಗೋಡೆ ಒಡೆಯುವ ಕಬ್ಬಿಣ ಹಗುರ ಇರುತ್ತದೆಯೇ? ಅವಳು ಅದನ್ನು ಎಕ್ಸ್‌ರೇಗೆ ಇಟ್ಟಳು. ಸಲಾಕೆಯ ಒಳಗೆಲ್ಲ ಟೊಳ್ಳು, ಅದೊಂದು ಕೊಳವೆ. ತೆಳ್ಳನೆ ತಗಡನ್ನು ಸುತ್ತಿ, ತುದಿಯನ್ನು ಚೂಪು ಮಾಡಿದ್ದರು. ಒಂದು ಪಕ್ಕದಲ್ಲಿ ಉದ್ದಕ್ಕೆ ಸೀಳು, ಹಿಂದೆ ತೆರೆದ ಬಾಯಿ ಇತ್ತು. ತುಕ್ಕು, ಮಣ್ಣು ತುಂಬಿ ಅವೆರಡೂ ಮುಚ್ಚಿಹೋಗಿದ್ದರಿಂದ ಗಾಜಿನಾಚೆಯಿಂದ ನೋಡುವವರಿಗೆ ಗಟ್ಟಿ ಸಲಾಕೆಯಂತೆ ಕಾಣುತ್ತಿತ್ತು. ಅವಳು ಒಳಗಿನದನ್ನು ಸ್ವಲ್ಪ ಕೆರೆದು ಪರೀಕ್ಷೆ ಮಾಡಿದಳು. ಉಪ್ಪು. ಒಳಗಿನ ಕಬ್ಬಿಣವನ್ನೆಲ್ಲ ಉಪ್ಪು ತಿಂದಿತ್ತು. ಜೊತೆಗೆ ಜೋಳದ ಹೊಟ್ಟಿನ ಒಂದು ಚೂರು. ತುದಿಯ ಮೇಲೆ ಕಲ್ಲಿಗೆ ಬಡಿದ ಒಂದು ಗುರುತೂ ಇಲ್ಲ. ಮೈ ಮಾತ್ರ ನಯವಾಗಿ ಸವೆದಿತ್ತು, ಮತ್ತೆ ಮತ್ತೆ ಗೋಣಿಯೊಳಗೆ ಹೋಗಿ ಬಂದದ್ದರಂತೆ.

ನೀವು ಅಕ್ಕಿ ಅಂಗಡಿಗೆ ಹೋಗಿದ್ದೀರಿ ತಾನೆ? ಮೂಟೆ ಬಿಚ್ಚದೆ ಒಳಗಿನ ಅಕ್ಕಿ ತೋರಿಸಲು ಅಂಗಡಿಯವನು ಒಂದು ಕೊಳವೆ ಚುಚ್ಚುತ್ತಾನೆ. ಕೊಳವೆಯ ಹಿಂದಿನ ಬಾಯಿಂದ ಅಕ್ಕಿ ಅಂಗೈಗೆ ಸುರಿಯುತ್ತದೆ. ಮೇಲೆ ಒಳ್ಳೆಯ ಅಕ್ಕಿ, ಒಳಗೆ ನುಚ್ಚು ತುಂಬಿದ್ದರೆ ಆಗ ಗೊತ್ತಾಗಿಬಿಡುತ್ತದೆ. ಇದು ಅದೇ. ಹುಲಿಗೆಮ್ಮನ ಮುತ್ತಜ್ಜ ಉಪ್ಪು ಕೊಳ್ಳುವಾಗ ಮೂಟೆಯೊಳಗೆ ಮರಳು ಬೆರೆಸಿದ್ದಾರೋ ಎಂದು ನೋಡುತ್ತಿದ್ದ ಕೊಳವೆ. ಮೋಸವನ್ನು ಹಿಡಿಯಲು ಮಾಡಿದ್ದು. ಅದನ್ನೇ ಗಾಜಿನಲ್ಲಿಟ್ಟು ಕಳ್ಳರ ಆಯುಧ ಎಂದು ಬರೆದಿದ್ದರು. ಆ ಚೀಟಿಯ ಮುಂದೆ ಊರಿನ ಶಾಲಾ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಓದಿಸಿದ್ದರು. ಹಟ್ಟಿಯ ಮಕ್ಕಳೂ ಸಾಲಿನಲ್ಲಿ ನಿಂತು ಓದಿದ್ದವು.

ಹುಲಿಗೆಮ್ಮ ಮೊದಲು ಹೋದದ್ದು ತನ್ನ ಗೈಡ್ ಹತ್ತಿರ. ರುದ್ರಮುನಿ ಸರ್ ಎಕ್ಸ್‌ರೇ ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಹಳೆಯದು ಹೌದೋ ಅಲ್ಲವೋ?" ಎಂದರು.

"ಹೌದ್ರಿ ಸರ. ಭಾಳ ಹಳೇದು."

"ಹಾಗಾದರೆ ಅಷ್ಟೇ ಬರಿ. ಕೇಳಿದ್ದು ಅದನ್ನೇ."

"ಸರ, ಇದು ಕನ್ನದ್ದಲ್ರಿ. ಮೂಟಿಗೆ ಚುಚ್ಚೂದು."

"ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಪರೀಕ್ಷೆಯಲ್ಲಿ ಪಾಸು. ನಿನ್ನ ಥೀಸಿಸ್ ಮೇಲೆ ಇನ್ನೂ ನನ್ನ ಸಹಿ ಬಿದ್ದಿಲ್ಲ ಅನ್ನೋದು ನೆನಪಿರಲಿ."

ಅಲ್ಲಿಂದ ಅವಳು ಮ್ಯೂಸಿಯಮ್ಮಿಗೆ ನಡೆದಳು. ಅಲ್ಲಿನ ಮುಖ್ಯಸ್ಥರು ಪಂಪಾಪತಿ. ಪಾತ್ರೆ, ಶಾಸನ, ನಾಣ್ಯ ಎಂದರೆ ಪ್ರಾಣ ಬಿಡುವ ಮನುಷ್ಯ.

"ಈ ಚೀಟಿ ಯಾರು ಬರದದ್ರಿ ಸರ?"

"ನಾನೇ ಬರೆದದ್ದಮ್ಮ. ಸುಮ್ಮನೆ ಬರೆದಿಲ್ಲ, ಆಧಾರ ಇಟ್ಟುಕೊಂಡು ಬರೆದಿದ್ದೀನಿ. ವಿಶ್ವಂಭರ ಸರ್ ಲೇಖನ ಇದೆಯಲ್ಲ, ಅದರಲ್ಲಿ ಇದೆ."

ಹುಲಿಗೆಮ್ಮ ಆ ಲೇಖನವನ್ನು ಜೊತೆಗೇ ತಂದಿದ್ದಳು. ಸಲಾಕೆಯ ಮಾತು ಬರುವ ಪುಟ ತೆಗೆದು ಕೊನೆಯಲ್ಲಿ ಕೊಟ್ಟ ಆಧಾರವನ್ನು ತೋರಿಸಿದಳು. ಅಲ್ಲಿ ಹೀಗಿತ್ತು: ವಿಶ್ವವಿದ್ಯಾಲಯದ ಮ್ಯೂಸಿಯಂ, ಗಾಜಿನ ಪೆಟ್ಟಿಗೆಯ ಚೀಟಿ.

ಪಂಪಾಪತಿ ಓದಿದರು. ಇನ್ನೊಮ್ಮೆ ಓದಿದರು.

"ಅಂದರೆ ಅವರು ನನ್ನನ್ನು ನೋಡಿ ಬರೆದರು."

"ನೀವು ಅವರನ್ನ ನೋಡಿ ಬರದ್ರಿ."

"ಹಳೇ ಪೊಲೀಸ್ ಠಾಣೆ ಕೆಡವಿದಾಗ ಒಂದು ಗಂಟಿನಲ್ಲಿ ಬಂದಿತ್ತಮ್ಮ ಇದು. ಗೋಣೆತ್ತಿನವರಿಂದ ವಶ, ಸಲಾಕೆ ಅಂತಷ್ಟೇ ಇತ್ತು. ವಿಶ್ವಂಭರ ಸರ್ ಒಂದು ದಿನ ಬಂದು ನೋಡಿ, ಇದು ಕನ್ನದ್ದೇ ಇರಬೇಕು ಅಂದರು. ದೊಡ್ಡವರು ಅಂದಮೇಲೆ..."

"ಕೈಯಾಗ ಹಿಡದು ನೋಡಿದ್ರೇನ್ರಿ ಯಾರಾದ್ರೂ?"

ಪಂಪಾಪತಿ ತಲೆ ಅಲ್ಲಾಡಿಸಿದರು. ನೋಡಿರಲಿಲ್ಲ.

ತಿಳಿಯಿತೇ ಮಕ್ಕಳೇ? ಇವರನ್ನು ಕೇಳಿದರೆ ಅವರ ಕಡೆ ಬೆರಳು. ಅವರನ್ನು ಕೇಳಿದರೆ ಇವರ ಕಡೆ ಬೆರಳು. ಆ ಎರಡು ಬೆರಳುಗಳ ನಡುವೆ ಒಂದು ಇಡೀ ಹಟ್ಟಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಇದಕ್ಕೆ ಸಂಶೋಧನೆ ಎಂದು ಹೆಸರು. ಶಾಲು ಹೊದಿಸುವುದು ಇದಕ್ಕೇ.

ಕೊನೆಗೆ ಅವಳು ವಿಶ್ವಂಭರರ ಕೋಣೆಯ ಬಾಗಿಲು ತಟ್ಟಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಕುರ್ಚಿಗೆ ಒರಗಿ ನಕ್ಕರು.

"ನಿನ್ನದು ಲೋಹ, ನನ್ನದು ರಕ್ತ. ಲೋಹದವರು ರಕ್ತದ ಮಾತಾಡಬಾರದು. ಅಂದಹಾಗೆ, ನೀನು ಯಾವ ಕಡೆಯವಳು?"

"ಹಳಿ ಆಚಿ ಹಟ್ಟಿಯಾಕಿ ರೀ."

"ಹಾಗೆ ಹೇಳು ಮತ್ತೆ. ಅದಕ್ಕೇ ಇಷ್ಟು ಬಿಸಿ. ನೋಡಮ್ಮ, ತನ್ನವರ ವಿಷಯದಲ್ಲಿ ಯಾರಿಗೂ ಸತ್ಯ ಕಾಣುವುದಿಲ್ಲ. ಅದು ಪಕ್ಷಪಾತ ಆಗುತ್ತದೆ."

ಅವರು ಹಟ್ಟಿಯ ಬಗ್ಗೆ ಬರೆದರೆ ವಿಜ್ಞಾನ. ಹಟ್ಟಿಯವಳು ತನ್ನ ಬಗ್ಗೆ ಬಾಯಿ ತೆರೆದರೆ ಪಕ್ಷಪಾತ. ಈ ಒಂದು ಬೀಗ ಹಾಕಿಯೇ ಎಷ್ಟೋ ಬಾಯಿಗಳನ್ನು ಮುಚ್ಚಿಸಿದ್ದಾರೆ.

ಹುಲಿಗೆಮ್ಮ ಮನೆಗೆ ಹೋಗಿ ಅವ್ವನ ಮುಂದೆ ಕೂತಳು. ದುರುಗವ್ವ ಪಾತ್ರೆಗಳನ್ನು ಬುಟ್ಟಿಯಲ್ಲಿ ಜೋಡಿಸುತ್ತಿದ್ದಳು.

"ಯವ್ವಾ, ನಾ ಮಾತಾಡಿದ್ರ ಡಿಗ್ರಿ ಹೊಕ್ಕೈತಿ. ಸುಮ್ಮನಿದ್ರ ಹಟ್ಟಿ ಮಕ್ಕಳೆಲ್ಲ ಪೊಲೀಸರ ಪಾಲಾಗ್ತಾವ."

"ಡಿಗ್ರಿ ಹೋದ್ರ ಹೋಗ್ಲಿ ಅಂತ ನಾ ಹೇಳಂಗಿಲ್ಲ ನೋಡ ಹುಲಿಗಿ," ಎಂದಳು ದುರುಗವ್ವ. "ಅದಕ್ಕ ನನ್ನ ತಲಿ ಮ್ಯಾಲಿನ ಕೂದಲು ಉದುರ್ಯಾವ, ಬುಟ್ಟಿ ಹೊತ್ತು ಹೊತ್ತು. ಡಿಗ್ರಿನೂ ಬೇಕು, ಮರ್ಯಾದಿನೂ ಬೇಕು. ಎರಡರಾಗ ಯಾವುದನ್ನೂ ಅವರ ಕೈಯಾಗ ಬಿಟ್ಟು ಬರಬ್ಯಾಡ."

"ಹೆಂಗ ಯವ್ವಾ?"

"ಅದನ್ನ ನನ್ನ ಕೇಳಬ್ಯಾಡ. ಓದಿದಾಕಿ ನೀನು."

ಹುಲಿಗೆಮ್ಮ ಯೋಚನೆ ಮಾಡಿದಳು. ಮಾರನೆಯ ದಿನ ಕಮ್ಮಾರ ಮೌಲಾಸಾಬನ ಕುಲುಮೆಗೆ ಹೋಗಿ, ಅದೇ ಅಳತೆಯ, ಅಷ್ಟೇ ದಪ್ಪ ತಗಡಿನ ಎರಡು ಕೊಳವೆ ಮಾಡಿಸಿಕೊಂಡಳು.

ಒಪ್ಪಂದದ ದಿನ ಬಂತು. ದೊಡ್ಡ ಸಭಾಂಗಣ. ವೇದಿಕೆಯ ಮೇಲೆ ಎರಡು ದೇಶಗಳ ಬಾವುಟ. ನಡುವೆ ಗಾಜಿನ ಪೆಟ್ಟಿಗೆ, ಅದರಲ್ಲಿ ಸಲಾಕೆ. ಪಕ್ಕದಲ್ಲಿ ಅತಿಥಿಗಳಿಗೆ ತೋರಿಸಲೆಂದು ಪಂಪಾಪತಿ ಒಂದು ನಿಜವಾದ ಮಣ್ಣಿನ ಗೋಡೆ ಕಟ್ಟಿಸಿದ್ದರು. ಗೋಡೆಯಲ್ಲಿ ಆಳು ನುಸುಳುವಷ್ಟು ಕನ್ನ. ಕನ್ನದ ಪಕ್ಕ ಸಲಾಕೆ ಹಿಡಿದು ಕೂತ ಒಂದು ಕಪ್ಪು ಗೊಂಬೆ. ಹಟ್ಟಿಯ ಹೆಂಗಸರನ್ನೂ ಗಂಡಸರನ್ನೂ ವಿಶ್ವವಿದ್ಯಾಲಯದ ವ್ಯಾನೇ ಹೋಗಿ ಕರೆತಂದಿತ್ತು. ಗೌರವಕ್ಕಲ್ಲ. ಹಳೆಯ ಉಡುಗೆ ಉಟ್ಟು, ಹಲಗೆ ಹಿಡಿದು ಬನ್ನಿ, ವಿದೇಶದವರು ಫೋಟೋ ತೆಗೆಯುತ್ತಾರೆ ಎಂದಿದ್ದರು. ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

ಕಾರ್ಯಕ್ರಮದ ಉಸ್ತುವಾರಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಚಂದ್ರಕಲಾ ಮೇಡಂ ಅವರದು. ಯಾವ ಬಾವುಟ ಎಡಕ್ಕಿರಬೇಕು, ಯಾವ ಅತಿಥಿಗೆ ಮೊದಲು ಪೇಟ ತೊಡಿಸಬೇಕು ಎಲ್ಲ ಅವರಿಗೆ ಬಾಯಿಪಾಠ. ಕುಲಪತಿ ಬಸವಂತಪ್ಪನವರು ನಡುವೆ ಕೂತರು. ವಿದೇಶದ ಸಂಸ್ಥೆಯ ಮುಖ್ಯಸ್ಥೆ ಅವರ ಬಲಕ್ಕೆ. ವಿಶ್ವಂಭರರು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಆಮೇಲೆ ಚಂದ್ರಕಲಾ ಮೇಡಂ ಮೈಕಿನಲ್ಲಿ ಹೇಳಿದರು: ಈಗ ಭೌತಶಾಸ್ತ್ರ ವಿಭಾಗದಿಂದ ಸಲಾಕೆಯ ಪರೀಕ್ಷೆಯ ಫಲಿತಾಂಶ. ಚುಟುಕಾಗಿ ಹೇಳಬೇಕು.

ಹುಲಿಗೆಮ್ಮ ಕೈಚೀಲ ಹಿಡಿದುಕೊಂಡು ವೇದಿಕೆ ಹತ್ತಿದಳು.

"ಸಲಾಕೆ ಹಳೆಯದು. ನಕಲಿ ಅಲ್ಲ," ಎಂದಳು. ಮತ್ತೆ ಚಪ್ಪಾಳೆ. ರುದ್ರಮುನಿ ಸರ್ ಉಸಿರು ಬಿಟ್ಟರು. "ಇದು ಹಳೇದು ಅಂತ ಹೇಳಿದೆ. ಇದು ಏನು ಅಂತಲೂ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಪಂಪಾಪತಿ ಸರ, ಈ ಗೋಡಿಗೆ ಕನ್ನ ಯಾತರಿಂದ ಹೊಡಸಿದ್ರಿ?"

ಪಂಪಾಪತಿ ಮುಂದಿನ ಸಾಲಿನಲ್ಲಿ ಎದ್ದು ನಿಂತರು. ಒಮ್ಮೆ ವಿಶ್ವಂಭರರ ಕಡೆ ನೋಡಿದರು. ಆದರೂ ನಿಜ ಹೇಳಿದರು.

"ಹಾರೆಯಿಂದ. ಗೌಂಡಿಗಳು ದೊಡ್ಡ ಹಾರೆ ತಂದಿದ್ದರು."

"ಕಳ್ಳರ ಸಲಾಕಿ ಇತ್ತಲ್ರಿ, ಅದರಿಂದ ಯಾಕ ಹೊಡಸಲಿಲ್ಲ?"

"ಅದರಿಂದ... ಆಗ್ತಿರಲಿಲ್ಲಮ್ಮ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಂದ್ರಕಲಾ ಮೇಡಂ ಓಡಿಬಂದು ಹುಲಿಗೆಮ್ಮನ ಕಿವಿಯ ಹತ್ತಿರ ಬಾಗಿದರು. ಮೈಕು ಹತ್ತಿರವೇ ಇದ್ದದ್ದರಿಂದ ಮಾತು ಎಲ್ಲರಿಗೂ ಕೇಳಿಸಿತು.

"ಸಾಕು, ಇಳಿ. ಹೊರಗಿನವರ ಮುಂದೆ ದೇಶದ ಮರ್ಯಾದೆ ಏನಾಗಬೇಕು?"

"ನಮ್ಮ ಹಟ್ಟಿ ಈ ದೇಶದಾಗ ಇಲ್ಲೇನ್ರಿ ಮೇಡಂ?" ಎಂದಳು ಹುಲಿಗೆಮ್ಮ.

ಮೇಡಂ ಮೈಕು ಬಿಟ್ಟು ಪಕ್ಕಕ್ಕೆ ಸರಿದರು. ಅದಕ್ಕೆ ಉತ್ತರ ಯಾವ ಶಿಷ್ಟಾಚಾರದ ಪುಸ್ತಕದಲ್ಲೂ ಇರಲಿಲ್ಲ.

ಹುಲಿಗೆಮ್ಮ ಚೀಲದಿಂದ ಮೌಲಾಸಾಬ ಮಾಡಿದ ಕೊಳವೆ ತೆಗೆದಳು. "ಇದು ಆ ಸಲಾಕಿ ಅಳತಿದೇ. ಅದೇ ದಪ್ಪ, ಅದೇ ತೂಕ. ಹೊಸಾದು, ಹಂಗಾಗಿ ಹಳೇದಕ್ಕಿಂತ ಗಟ್ಟಿನೇ ಐತಿ. ವಿಶ್ವಂಭರ ಸರ, ಬರ್ರಿ. ಇದರಿಂದ ಈ ಗೋಡಿಗೆ ಒಂದು ಕನ್ನ ಹಾಕಿ ತೋರಿಸ್ರಿ."

"ಏನು ಹುಡುಗಾಟ ಇದು? ನಾನು ಪ್ರೊಫೆಸರ್. ಗೋಡೆ ಒಡೆಯುವವನಲ್ಲ."

"ಒಡೀಬ್ಯಾಡ್ರಿ. ಒಂದು ಹೆಂಟಿ ಮಣ್ಣು ಉದುರಿಸ್ರಿ, ಸಾಕು. ನಾನು ಇಲ್ಲೇ ತಪ್ಪಾತು ಅಂತೀನಿ. ಪಿಎಚ್.ಡಿ. ಬಿಟ್ಟು ಅವ್ವನ ಜೋಡಿ ಬುಟ್ಟಿ ಹೊರತೀನಿ."

ರುದ್ರಮುನಿ ಸರ್ ತಲೆ ತಗ್ಗಿಸಿದರು. ವಿದೇಶದ ಮುಖ್ಯಸ್ಥೆ ಪಕ್ಕದವರನ್ನು ಏನು ಏನು ಎಂದು ಕೇಳುತ್ತಿದ್ದಳು. ಕುಲಪತಿಗಳು ವಿಶ್ವಂಭರರ ಕಡೆ ತಿರುಗಿ, "ಮಾಡಿಬಿಡಿ ಪ್ರೊಫೆಸರ್, ಬಾಯಿ ಮುಚ್ಚಿಸಿದಂತಾಗುತ್ತದೆ," ಎಂದರು.

ವಿಶ್ವಂಭರರು ಕೋಟು ಬಿಚ್ಚಿದರು. ಕೊಳವೆ ತೆಗೆದುಕೊಂಡು ಗೋಡೆಯ ಮುಂದೆ ನಿಂತು ಚುಚ್ಚಿದರು. ಗೋಡೆ ಅಲ್ಲಾಡಲಿಲ್ಲ. ಎರಡು ಕೈಯಿಂದ ಹಿಡಿದು ಬಲವಾಗಿ ಹೊಡೆದರು. ಕೊಳವೆ ಬಾಳೆದಿಂಡಿನಂತೆ ಮಡಚಿಕೊಂಡಿತು. ಹುಲಿಗೆಮ್ಮ ಎರಡನೆಯದನ್ನು ಕೊಡಲು ಹೋದಳು. ಅವರು ಅದನ್ನು ಮುಟ್ಟಲಿಲ್ಲ. ಮಡಚಿದ ಕೊಳವೆಯಿಂದಲೇ ಸಿಟ್ಟಿನಲ್ಲಿ ಮತ್ತೆ ಬಡಿದರು. ಅವರ ಅಂಗೈ ತರಚಿತು, ಅಂಗಿಯ ತುಂಬ ಬೆವರು. ಗೋಡೆಯ ಮೇಲೆ ಉಗುರಿನಿಂದ ಕೆರೆದಷ್ಟು ಗುರುತು ಬಿದ್ದಿರಬಹುದು.

ಹಿಂದಿನ ಸಾಲಿನಿಂದ ದುರುಗವ್ವ ಎದ್ದು ನಿಂತಳು.

"ಬಿಡ್ರಿ ಸರ, ಕೈ ನೋವಾದಾವು," ಎಂದಳು ಕನಿಕರದಿಂದ. "ನಿಮಗ ಬರಂಗಿಲ್ಲ ಅದು. ನಿಮ್ಮ ರಕ್ತದಾಗ ಇಲ್ಲ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ವಿದ್ಯಾರ್ಥಿಗಳು ಬೆಂಚು ಬಡಿದರು. ಇಷ್ಟು ವರ್ಷ ಆ ಹಟ್ಟಿಯನ್ನು ನೋಡಿ ನಕ್ಕ ಊರು, ಅವತ್ತು ಹಟ್ಟಿಯ ಜೊತೆ ಕೂತು ನಕ್ಕಿತು. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನಕ್ಕವರಿಗಿಂತ ನಗೆಗೆ ಈಡಾದವರಿಗೆ ಚೆನ್ನಾಗಿ ಗೊತ್ತು.

ಹುಲಿಗೆಮ್ಮ ನಗಲಿಲ್ಲ. ಅತಿಥಿಗಳ ಊಟಕ್ಕೆ ಹಿಂದುಗಡೆ ಅಡುಗೆ ನಡೆದಿತ್ತು. ಅಲ್ಲಿಂದ ಒಂದು ಮೂಟೆ ಅಕ್ಕಿ ತರಿಸಿದಳು. ಉಳಿದ ಕೊಳವೆಯನ್ನು ಮೂಟೆಗೆ ಚುಚ್ಚಿದಳು. ಬೆಣ್ಣೆಗೆ ಚುಚ್ಚಿದಂತೆ ಹೋಯಿತು. ಹಿಂದಿನ ಬಾಯಿಂದ ಅಕ್ಕಿ ಸರಸರನೆ ಅವಳ ಅಂಗೈಗೆ ಸುರಿಯಿತು.

ಕುಲಪತಿ ಬಸವಂತಪ್ಪ ಕುರ್ಚಿಯಿಂದ ಅರ್ಧ ಎದ್ದರು. ಅವರ ತಂದೆಗೆ ಕಾಳಿನ ಅಂಗಡಿ ಇತ್ತು. ಚಿಕ್ಕಂದಿನಲ್ಲಿ ಅವರೇ ಇಂಥದನ್ನು ಹಿಡಿದು ಗಿರಾಕಿಗಳಿಗೆ ಅಕ್ಕಿ ತೋರಿಸಿದ್ದರು. ಆಮೇಲೆ ಪೆಟ್ಟಿಗೆಯೊಳಗಿನ ಸಲಾಕೆಯ ಮುಂದೆ ಎಷ್ಟೋ ಸಲ ಅತಿಥಿಗಳನ್ನು ನಿಲ್ಲಿಸಿ, ಕನ್ನದ ಆಯುಧ ಎಂದು ವಿವರಿಸಿದ್ದರು. ಚೀಟಿ ಓದುತ್ತಿದ್ದರೇ ಹೊರತು ಸಲಾಕೆಯನ್ನು ನೋಡುತ್ತಿರಲಿಲ್ಲ.

"ಉಪ್ಪಿನ ಮೂಟಿಯೊಳಗ ಮರಳು ಬೆರಸ್ಯಾರೋ ಇಲ್ಲೋ ನೋಡಾಕ ಇದನ್ನ ನಮ್ಮ ಮುತ್ತಜ್ಜ ಇಟಗೊಂಡಿದ್ದ," ಎಂದಳು ಹುಲಿಗೆಮ್ಮ. "ಇದರೊಳಗ ಈಗಲೂ ಉಪ್ಪು ಐತಿ. ನಾನು ತೆಗೆದು ಪರೀಕ್ಷೆ ಮಾಡೀನಿ. ಬ್ಯಾರೆ ಯಾರಾದ್ರೂ ಮಾಡಬಹುದು."

ವಿಶ್ವಂಭರರು ಮುಖ ಒರೆಸಿಕೊಂಡರು. ಅವರು ಸುಲಭಕ್ಕೆ ಸೋಲುವ ಜಾತಿಯಲ್ಲ.

"ಸಲಾಕೆಯ ವಿಷಯ ಬಿಡಿ. ತಪ್ಪಾಗಿರಬಹುದು. ಆದರೆ ನನ್ನ ಹತ್ತಿರ ರಕ್ತದ ಪುರಾವೆ ಇದೆ. ಅಂಕಿ ಅಂಶ ಇದೆ."

"ಕಳ್ಳರು ಯಾರು ಅಂತ ಹೆಂಗ ಎಣಿಸಿದ್ರಿ ಸರ?"

"ಪೊಲೀಸರು ಹಿಡಿದವರ ಲೆಕ್ಕ ತೆಗೆದುಕೊಂಡೆವು."

"ಹಿಡಿದ ಮ್ಯಾಲೆ ಕೋರ್ಟಿನಾಗ ಬಿಟ್ಟವರನ್ನೂ ಎಣಿಸಿದ್ರಿ?"

"ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ."

"ನಮ್ಮ ಹಟ್ಟಿಯವರ ರಕ್ತ ತಗೊಂಡ್ರಿ. ಊರೊಳಗಿನ ಕೋಟಿ ಓಣಿಯವರದು ತಗೊಂಡ್ರೇನ್ರಿ? ಅಲ್ಲಿ ದೊಡ್ಡ ದೊಡ್ಡ ಮನಿ ಅದಾವು."

"ಇಲ್ಲ."

"ಯಾಕ್ರಿ?"

"ಅಲ್ಲಿ ಕಳ್ಳರಿಲ್ಲವಲ್ಲ."

"ರಕ್ತ ನೋಡದ ಹೆಂಗ ಗೊತ್ತಾತ್ರಿ?"

ಅಲ್ಲಿಗೆ ಮುಗಿಯಿತು. ಸಭಾಂಗಣದ ತುಂಬ ಇದ್ದವರಿಗೆ ಆ ಒಂದು ಪ್ರಶ್ನೆಯಲ್ಲಿ ಎಲ್ಲ ಕಾಣಿಸಿತು. ಚೀಟಿಯಲ್ಲಿ ಕಳ್ಳರು ಎಂದಿದೆ, ಅದಕ್ಕೆ ಜೀಪು ಹಟ್ಟಿಗೆ ಹೋಗುತ್ತದೆ. ಜೀಪು ಹಟ್ಟಿಗೆ ಹೋಗುತ್ತದೆ, ಅದಕ್ಕೆ ಲೆಕ್ಕದಲ್ಲಿ ಹಟ್ಟಿಯವರೇ ಸಿಗುತ್ತಾರೆ. ಲೆಕ್ಕದಲ್ಲಿ ಅವರೇ ಸಿಗುತ್ತಾರೆ, ಅದಕ್ಕೆ ಚೀಟಿ ನಿಜ. ಗಾಣದ ಎತ್ತು ಸುತ್ತಿದಂತೆ ಸುತ್ತುತ್ತ ಇದನ್ನೇ ವಿದ್ಯೆ ಎಂದು ಕರೆದಿದ್ದರು.

ವಿದೇಶದ ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟಳು. ಅವಳನ್ನು ಧರ್ಮದೇವತೆ ಎಂದು ಹೊಗಳಬೇಡಿ. ಆ ಕಾಗದವನ್ನು ತಯಾರು ಮಾಡಿದವರಲ್ಲಿ ಅವಳೂ ಒಬ್ಬಳು. ಸುಳ್ಳಿಗೆ ಸಹಿ ಹಾಕಿ ತನ್ನ ಊರಿನಲ್ಲಿ ನಗೆಪಾಟಲಾಗಲು ಅವಳಿಗೆ ಇಷ್ಟವಿರಲಿಲ್ಲ, ಅಷ್ಟೇ. ಕುಲಪತಿಗಳು ಒಪ್ಪಂದದ ಹಾಳೆಗಳನ್ನು ಮಡಚಿ, ಇದು ಇಲ್ಲಿಗೆ ರದ್ದು ಎಂದು ಘೋಷಿಸಿದರು. ಸಭೆ ಮುಗಿಯಿತು ಎಂದು ಚಂದ್ರಕಲಾ ಮೇಡಂ ಹೇಳುವಷ್ಟರಲ್ಲಿ ದುರುಗವ್ವ ವೇದಿಕೆಯ ಮುಂದೆ ಬಂದು ನಿಂತಿದ್ದಳು. ಅವಳ ಹಿಂದೆ ಹಟ್ಟಿಯ ಎಲ್ಲ ಹೆಂಗಸರು.

"ಮುಗದಿಲ್ರಿ ಮೇಡಂ. ನಮ್ಮ ಮಕ್ಕಳ ರಕ್ತ ಎಲ್ಲೈತಿ?"

"ಲ್ಯಾಬಿನ ಫ್ರಿಡ್ಜಿನಲ್ಲಿದೆ," ಎಂದರು ಕುಲಪತಿ.

"ಕೊಡ್ರಿ. ನಮ್ಮದು ನಮಗ ಕೊಡ್ರಿ. ಬಾಳೆಹಣ್ಣಿನ ರೊಕ್ಕ ಬೇಕಿದ್ರ ತಗೊರಿ."

ಅವತ್ತು ಮಧ್ಯಾಹ್ನ ಆ ವಿಶ್ವವಿದ್ಯಾಲಯ ಹಿಂದೆಂದೂ ಕಾಣದ್ದನ್ನು ಕಂಡಿತು. ಲ್ಯಾಬಿನ ಬಾಗಿಲು ತೆರೆಯಿತು. ರುದ್ರಮುನಿ ಸರ್ ಯಾರೂ ಹೇಳದೆ ತಾವೇ ಒಳಗೆ ಹೋಗಿ ಶೀಶೆಗಳ ತಟ್ಟೆಗಳನ್ನು ಎತ್ತಿ ತಂದು ಹೆಂಗಸರ ಕೈಗೆ ಕೊಟ್ಟರು. ಹುಲಿಗೆಮ್ಮನ ಥೀಸಿಸ್ಸಿಗೆ ಆಮೇಲೆ ಅವರೇ ಸಹಿ ಹಾಕಿದರು. ಆದರೂ ಡಿಗ್ರಿ ಬೇಗ ಬರಲಿಲ್ಲ. ವಿಶ್ವಂಭರರ ಗೆಳೆಯರು ಕಮಿಟಿಗಳಲ್ಲಿ ಇದ್ದರು, ಎಷ್ಟು ಎಳೆಯಬಹುದೋ ಅಷ್ಟು ಎಳೆದರು. ಬಂದದ್ದಂತೂ ಬಂತು. ಚೀಟಿಯನ್ನು ಮಾತ್ರ ಪಂಪಾಪತಿ ಅವತ್ತೇ ಕಿತ್ತು ಹಾಕಿದರು.

ಹಟ್ಟಿಯವರು ವ್ಯಾನು ಹತ್ತಲಿಲ್ಲ. ಊರ ನಡುವಿನ ರಸ್ತೆಯಲ್ಲಿ, ಎಲ್ಲರೂ ನೋಡುವಂತೆ, ಶೀಶೆಗಳನ್ನು ಉಡಿಯಲ್ಲಿ ಹಾಕಿಕೊಂಡು ಹಲಗೆ ಬಾರಿಸುತ್ತ ನಡೆದರು. ಅಂಗಡಿಯವರು ಹೊರಗೆ ಬಂದು ನಿಂತರು. ಕೆಲವರು ಕೈ ಮುಗಿದರು. ಕೆಲವರು ಮುಖ ತಿರುಗಿಸಿದರು. ತಿರುಗಿಸಲಿ.

ಹಟ್ಟಿಯ ಬೇವಿನ ಮರದ ಕೆಳಗೆ ಗುಂಡಿ ತೋಡಿದರು. ಶೀಶೆಗಳ ಮೇಲೆ ಬರೀ ನಂಬರುಗಳಿದ್ದವು. ಒಂದು ಮಗುವಿನ ಹೆಸರೂ ಇರಲಿಲ್ಲ. ಯಾವುದು ಯಾರದೆಂದು ಹೇಳುವುದು ಹುಲಿಗೆಮ್ಮನಿಂದಲೂ ಆಗಲಿಲ್ಲ. ಆಗ ದುರುಗವ್ವ ಒಂದು ಶೀಶೆಯನ್ನು ಕೈಗೆತ್ತಿಕೊಂಡಳು. ನಂಬರು ನೋಡಲಿಲ್ಲ. ಮಕ್ಕಳ ಕಡೆ ನೋಡಿ ಒಂದು ಹೆಸರು ಕೂಗಿದಳು.

"ಈರಣ್ಣಾ."

"ಅದೀನಿ," ಎಂದಿತು ಒಂದು ಸಣ್ಣ ದನಿ. ರಕ್ತ ಮಣ್ಣಿಗೆ ಬಿತ್ತು.

"ಸುಂಕವ್ವಾ."

"ಅದೀನಿ."

"ಗಾದಿಲಿಂಗಾ."

"ಇಲ್ಲೇ ಅದೀನಿ."

ಒಂದೊಂದು ಶೀಶೆಗೆ ಒಂದೊಂದು ಹೆಸರು. ಒಂದೊಂದು ಹೆಸರಿಗೂ ಹಲಗೆ ಒಂದು ಪೆಟ್ಟು ನುಡಿಯಿತು. ಕೊನೆಯ ಹೆಸರು ಇನ್ನೂ ಮಾತು ಬಾರದ ಒಂದು ಕೂಸಿನದು. ಅದರ ಪರವಾಗಿ ಇಡೀ ಹಟ್ಟಿ ಒಂದೇ ದನಿಯಲ್ಲಿ ಹೇಳಿತು: "ಅದಾನ."

ಈ ಕಥೆಯಿಂದ ತಿಳಿಯಬೇಕಾದ ನೀತಿ: ಹುಟ್ಟುತ್ತಲೇ ಯಾವ ಮನುಷ್ಯನೂ ಕಳ್ಳನಲ್ಲ. ದೊಡ್ಡವರು ಬರೆದರು ಎಂಬ ಒಂದೇ ಕಾರಣಕ್ಕೆ ಯಾವ ಮಾತೂ ನಿಜವಾಗುವುದಿಲ್ಲ, ವಸ್ತುವನ್ನು ಕೈಗೆತ್ತಿ ನೋಡಿದವರ ಮಾತೇ ಮಾತು. ನಿಮ್ಮ ಬಗ್ಗೆ ಯಾರಾದರೂ ಬರೆದರೆ ತಲೆ ತಗ್ಗಿಸಿ ಓದಬೇಡಿ. ಎದ್ದು ನಿಂತು, ಎಲ್ಲರಿಗೂ ಕೇಳಿಸುವಂತೆ, ಆಧಾರ ಎಲ್ಲಿ ಎಂದು ಕೇಳಿ.